ಹಾಡುವ ಬಾತು

ದೊರ್ದೋಯ್ ಸಂತೆಯಲ್ಲಿ, ಕಬ್ಬಿಣದ ಪೆಟ್ಟಿಗೆ-ಅಂಗಡಿಗಳ ಸಾಲಿನೊಳಗೆ
ಮುನ್ನೂರು ಸೋಮ್ ತೆತ್ತು ಕೊಂಡೆ ಈ ಹಳದಿ ಬಾತು.
ಬೆನ್ನಲ್ಲಿ ಗುಂಡಿ, ಕೊಕ್ಕಿನಲ್ಲಿ ನಗು,
ಒದ್ದೆಯಾದರೆ ಹಾಡುತ್ತದಂತೆ.
ಮಾರುವವಳು ತನ್ನ ಚಹಾದಿಂದ ಎರಡು ಹನಿ ಬಿಟ್ಟು ತೋರಿಸಿದಳು.
ಹಾಡಿತು.
ಮನೆಗೆ ಬಂದದ್ದೇ ಮೌನವ್ರತ.

ಎರ್ಮೆಕನಿಗೆ ಎರಡೂವರೆ.
ಬಾತಿನ ಮೇಲೆ ಕೂರುತ್ತಾನೆ, ಚಡ್ಡಿ ಸಮೇತ.
ಬಾತಿನೊಳಗೆ ಇಡುತ್ತಾನೆ ಆಟದ ಲಾರಿ, ನನ್ನ ನೂಲಿನುಂಡೆ,
ಒಮ್ಮೆ ಅವನಪ್ಪನ ವ್ಯಾನಿನ ಬೀಗದ ಕೈ.
ಹದಿನೇಳು ಜನ ಬಿಸಿಲಲ್ಲಿ ನಿಂತು
ಜೂಮಾರ್ಟನ ವಂಶವನ್ನೇ ಬೈದರು ಅವತ್ತು.

"ಬಂತಾ?" ಅಂದರೆ "ಇಲ್ಲ."
"ಬರತ್ತಾ?" ಅಂದರೆ "ಇಲ್ಲ."
ಎತ್ತಿ, ಇಳಿಸಿ, ಚಡ್ಡಿ ಏರಿಸಿ
ನಾನು ಹೊಲಿಗೆ ಯಂತ್ರದತ್ತ ತಿರುಗುವಷ್ಟರಲ್ಲಿ
ಬಂದೇ ಬಿಟ್ಟಿರುತ್ತದೆ.
ಕಾಲಗಲಿಸಿ ನಿಂತು ನೋಡುತ್ತಾನೆ,
ದಾರಿಹೋಕರು ಯಾರೋ ಚೆಲ್ಲಿ ಹೋದರೆಂಬಂತೆ.

ಸೆಪ್ಟೆಂಬರಿಗೆ ಬಾಲವಾಡಿ.
"ನ್ಯಾಪಿ ಇದ್ದರೆ ಕರೆತರಬೇಡಿ,
ನಲವತ್ತು ಮಕ್ಕಳು, ನನಗಿರುವುದು ಎರಡು ಕೈ"
ಅಂದಿದ್ದಾರೆ ಬಕ್ತಿಗುಲ್ ಮೇಡಂ.
ನನಗೂ ಎರಡೇ. ವಾರಕ್ಕೆ ಇನ್ನೂರು ಅಂಗಿ, ರಷ್ಯಾಕ್ಕೆ ಹೋಗುವವು.
ಕಾಲರು ನೇರ ಇರಬೇಕು. ಕಲೆ ಇರಬಾರದು.

ನಾರಿನ್ ಬಸ್ಸಿನಿಂದ ಜೂರಾ ಅತ್ತೆ ಇಳಿದರು,
ಒಂದು ಚೀಲ ಒಣಮೊಸರಿನ ಉಂಡೆ, ಒಂದು ಚೀಲ ಬುದ್ಧಿವಾದ.
"ನಿನ್ನ ಗಂಡ ತೊಟ್ಟಿಲಲ್ಲೇ ಕಲಿತ.
ತೊಟ್ಟಿಲಿಗೊಂದು ತೂತು, ತೂತಿಗೊಂದು ಮರದ ಕೊಳವೆ,
ಕೊಳವೆಗೊಂದು ಮಡಕೆ. ಒಂದು ಹನಿ ಹೊರಗೆ ಬಿದ್ದಿಲ್ಲ.
ನೀವೋ, ಅಂಗಡಿಯ ಹತ್ತಿ ಕಟ್ಟಿ ಮಗುವಿನ ಕಿವಿ ಕೆಡಿಸಿದಿರಿ."
ಕಿವಿಗೂ ಅದಕ್ಕೂ ಏನು ನಂಟೋ, ನಾನು ಕೇಳಲಿಲ್ಲ.
ಬಾತಿನ ಮೇಲೆ ಅವನನ್ನು ಎತ್ತಿ ಹಿಡಿದು ಶ್ಶ್ಶ್ ಅಂದರು,
ಅಂದು ಅಂದು
ಅವರಿಗೇ ಅವಸರವಾಗಿ ಓಡಿದರು.

ನಡುರಾತ್ರಿ ಬಾತು ಹಾಡಿತು!
ಮೂವರೂ ಬಿದ್ದೆದ್ದು ಓಡಿದೆವು,
ಜೂಮಾರ್ಟ್ ಬಾಗಿಲಿಗೆ ಹಣೆ ಚಚ್ಚಿಕೊಂಡ,
ಅತ್ತೆ ಆಗಲೇ ಹರಸಲು ಅಂಗೈ ಎತ್ತಿದ್ದರು.
ದೀಪ ಹಾಕಿದರೆ
ಬಾತಿನ ಮೇಲೆ, ಬಲು ಗಂಭೀರವಾಗಿ, ಬೆಕ್ಕು.

ಮರುದಿನ ಹಾಸು.
ಅತ್ತೆ ತಮ್ಮ ಹರೆಯದಲ್ಲಿ ಎರಡು ಚಳಿಗಾಲ ಕೂತು ಹೊಲಿದ ಉಣ್ಣೆಯ ಶಿರ್ದಾಕ್,
ಕೆಂಪಿನ ಮೇಲೆ ಕಂದು ಟಗರುಗೊಂಬು.
ಸರಿಯಾಗಿ ನಡುಗೊಂಬಿನಲ್ಲಿ, ಬಿಸಿಬಿಸಿ.
ನಾನು ಕಿರುಚಿದೆ. ಕೈಯಲ್ಲಿ ಕತ್ತರಿ ಇತ್ತು.
ಅವನು ಮಂಚದಡಿ ಸೇರಿದ.

ಅತ್ತೆ ಬೈಯಲಿಲ್ಲ. ಹಾಸಿನ ಮೂಲೆ ಮಗುಚಿದರು.
"ಇದು ನಿನ್ನ ಗಂಡನದು. ಇದು ಅವನ ಅಕ್ಕನದು.
ಇದು ಯಾವುದೋ ಕುರಿಮರಿ, ಆ ವರ್ಷ ಚಳಿ ಜಾಸ್ತಿ."
"ಒಂದು ಹನಿ ಬಿದ್ದಿಲ್ಲ ಅಂದಿರಿ?"
"ತೊಟ್ಟಿಲಲ್ಲಿದ್ದಾಗ," ಅಂದರು.
"ಕಾಲು ಬಂದ ಮೇಲೆ ಯಾರ ಮಾತು ಯಾರು ಕೇಳ್ತಾರೆ?"

ಮಂಚದಡಿ ನಾನೂ ತೆವಳಿದೆ.
ಧೂಳು, ಕಳೆದುಹೋದ ಬಾಬಿನ್, ಅವನ ಒದ್ದೆ ಕಾಲು.
ಬಹಳ ಹೊತ್ತಿನ ಮೇಲೆ ಅಂದ: "ಬಾತು ಕೂಗತ್ತೆ."
ಇಷ್ಟು ದಿನ
ನಾನು ಹಾಡು ಅಂದುಕೊಂಡದ್ದು.

ಯಂತ್ರದ ಸ್ಕ್ರೂಡ್ರೈವರಿನಿಂದ
ಬಾತಿನ ಹೊಟ್ಟೆಯ ಬ್ಯಾಟರಿ ಬಿಚ್ಚಿದೆ. ಅವನು ಟಾರ್ಚು ಹಿಡಿದ.

ಗುರುವಾರ ಕರೆಂಟು ಹೋಯಿತು, ಯಂತ್ರ ನಿಂತಿತು,
ಆ ನಿಶ್ಶಬ್ದದಲ್ಲಿ ಒಂದು ಸಣ್ಣ ಎಳೆ,
ಪ್ಲಾಸ್ಟಿಕ್ಕಿಗೆ ತಾಗುವ ನೀರು.
ನಾನು ತಿರುಗಲಿಲ್ಲ. ಕಾಲರಿನ ಮೇಲಿನ ಬೆರಳು ಎತ್ತಲಿಲ್ಲ.
"ಬಂತಾ?" ಕೇಳಿದ, ನನ್ನದೇ ದನಿಯಲ್ಲಿ, ತನ್ನನ್ನು ತಾನೇ.
"ಬಂತು."

ಶುಕ್ರವಾರ ಮತ್ತೆ ಹಾಸಿನ ಮೇಲೆ.
ಈ ಸಲ ಎಡಗಡೆಯ ಕೊಂಬು.